ಚೀಲದ ಮೇಲೆ ಗುಲಬರ್ಗಾ, ಒಳಗೆ ಯಾವೂರ ಬೇಳೆ?

ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ತೊಗರಿ ಬೇಳೆಗೆ 2019ರಲ್ಲಿ ‘ಗುಲಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ ಜಿ.ಐ. ಗುರುತು ದೊರೆಯಿತು. ಹೆಸರೇನೋ ಬಂತು, ಅದನ್ನು ಕಾಯುವವರು ಯಾರು?

ಕೃತಕ ಬುದ್ಧಿಮತ್ತೆಯ ಕಂಪ್ಯೂಟರು ಈಗ ಈ ಕಾವಲಿಗೆ ಬರಬಲ್ಲದು. ಆನ್‌ಲೈನ್ ಮಾರಾಟದ ಸಾವಿರಾರು ಪೊಟ್ಟಣಗಳ ಚಿತ್ರ ಜಾಲಾಡಿ, ಚೆನ್ನೈನ ಜಿ.ಐ. ಕಚೇರಿಯಲ್ಲಿ ನೋಂದಾಯಿಸಿದವರ ಪಟ್ಟಿಗೆ ತಾಳೆ ಹಾಕಬಲ್ಲದು. ಆದರೆ ಆ ಪಟ್ಟಿಯಲ್ಲಿ ನಮ್ಮ ರೈತನ ಹೆಸರೇ ಇಲ್ಲದಿದ್ದರೆ? ಅಸಲಿಯೂ ನಕಲಿಯೇ!

ವಾಡಿ, ಶಹಾಬಾದಿನ ಕಿರಾಣಿ ಅಂಗಡಿಯ ಬಿಡಿ ಚೀಲ ಯಂತ್ರದ ಕಣ್ಣಿಗೆ ಬೀಳದು. ಅಲ್ಲಿ ಅಂಗಡಿಯವರೇ ಸಗಟು ವ್ಯಾಪಾರಿಯನ್ನು ಕೇಳಬೇಕು: ‘ಸಾವ್ಕಾರ್ರ, ಈ ಬ್ಯಾಳಿ ಯಾವೂರಿಂದ್ರಿ? ಬಿಲ್ ಕೊಡ್ರಿ.’

ಸುಳ್ಳು ಹೆಸರಿನ ಮಾರಾಟಕ್ಕೆ 1999ರ ಕಾಯ್ದೆಯಲ್ಲಿ ಜೈಲುಶಿಕ್ಷೆ ಇದೆ. ಮೊದಲು ರೈತರ ನೋಂದಣಿಯಾಗಲಿ, ಯಂತ್ರ ಆಮೇಲೆ.