ಸಾವಿತ್ರಿಬಾಯಿಯ ಸೀರೆಗೆ ಕಲೆ ಇರಬಾರದಂತೆ!

ಜನವರಿ 3 ಬಂತೆಂದರೆ ಮಹಾರಾಷ್ಟ್ರದ ಶಾಲೆಗಳಲ್ಲಿ ಸಾವಿತ್ರಿಬಾಯಿ ಫುಲೆ ಜಯಂತಿ. ಗಡಿಭಾಗದ ನಮ್ಮ ಕನ್ನಡ ಶಾಲೆಗಳಲ್ಲೂ ಅಷ್ಟೇ. ಭಾಷಣ, ವೇಷಭೂಷಣ, ಆಮೇಲೆ 'ನನ್ನ ಆದರ್ಶ ಮಹಿಳೆ' ಅಂತ ಚಿತ್ರಕಲಾ ಸ್ಪರ್ಧೆ. ವಿಷಯ ಒಳ್ಳೆಯದೇ. ನನ್ನ ತಕರಾರು ನಾವು ಮಾಸ್ತರರು ಅದನ್ನು ಮಾಡಿಸುವ ರೀತಿಗೆ.

ಅಂಗಡಿಯಿಂದ ಒಂದು ಚಾರ್ಟು ತಂದು ಗೋಡೆಗೆ ಹಚ್ಚುತ್ತೇವೆ. ಅದರಲ್ಲಿ ಜಿಜಾಬಾಯಿ, ಅಹಿಲ್ಯಾಬಾಯಿ, ಝಾನ್ಸಿ ರಾಣಿ, ಸಾವಿತ್ರಿಬಾಯಿ. ಹೆಸರಿನ ಮೇಲೆ ಕೈ ಮುಚ್ಚಿದರೆ ಯಾರು ಯಾರೆಂದು ಹೇಳುವುದು ನನಗೂ ಕಷ್ಟ, ಎಲ್ಲರದೂ ಒಂದೇ ಮುಖ. ಮಕ್ಕಳು ಚೌಕ ಹಾಕಿ ನಕಲು ಮಾಡುತ್ತಾರೆ. ಬಣ್ಣದ ಡಬ್ಬಿಯಲ್ಲಿ 'ಸ್ಕಿನ್ ಕಲರ್' ಎಂಬ ತಿಳಿಗುಲಾಬಿ ಕಡ್ಡಿ ಇರುತ್ತದಲ್ಲ, ಅದನ್ನೇ ಮುಖಕ್ಕೆ ತಿಕ್ಕುತ್ತಾರೆ. ನಮ್ಮ ಶಾಲೆಯ ಒಂದು ಮಗುವಿನ ಮೈಯೂ ಆ ಬಣ್ಣದ್ದಲ್ಲ.

ಹಿಂದೊಂದು ವರ್ಷ ನಮ್ಮ ಐದನೆಯ ತರಗತಿಯ ಹುಡುಗಿಯೊಬ್ಬಳು ಚಾರ್ಟು ನೋಡದೆ ಚಿತ್ರ ತೆಗೆದಳು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದದ್ದು, ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ, ಕೆಸರು ಎಸೆದದ್ದು, ಆಕೆ ಇನ್ನೊಂದು ಸೀರೆ ಜೊತೆಗೆ ಒಯ್ಯುತ್ತಿದ್ದದ್ದು, ಇದೆಲ್ಲ ನಾನೇ ತರಗತಿಯಲ್ಲಿ ಹೇಳಿದ್ದೆ. ಹುಡುಗಿ ಸೀರೆಯ ಮೇಲೆ ಕಂದು ಕಲೆಗಳನ್ನು ಹಾಕಿದ್ದಳು. ಕಂಕುಳಲ್ಲಿ ಒಂದು ಗಂಟು. ಮೂಗು ಸ್ವಲ್ಪ ಸೊಟ್ಟ, ನಿಜ.

ಪರೀಕ್ಷಕರು ನೋಡಿ, "ಮಹಾತ್ಮರ ಚಿತ್ರ ಸ್ವಚ್ಛ ಇರಬೇಕು, ಇದು ಅಪಮಾನ" ಎಂದು ಹಾಳೆ ಪಕ್ಕಕ್ಕೆ ಇಟ್ಟರು. ಬಹುಮಾನ ಬಂದದ್ದು ಚಾರ್ಟಿನ ಅಚ್ಚುಕಟ್ಟಾದ ನಕಲಿಗೆ. ನಾನು ಅಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಆ ಹೊಟ್ಟೆಯುರಿಗೇ ಇದನ್ನು ಬರೆಯುತ್ತಿದ್ದೇನೆ.

ಅಲ್ಲ ಸ್ವಾಮಿ, ಆ ಕಲೆ ಅಳಿಸಿದರೆ ಉಳಿಯುವುದು ಕ್ಯಾಲೆಂಡರಿನ ಹೆಂಗಸು. ಅಪಮಾನ ಮಾಡಿದವರು ಕೆಸರು ಎಸೆದವರೋ, ಅದನ್ನು ಕಂಡು ಬರೆದ ಹುಡುಗಿಯೋ? ಮೊದಲು ಅಳತೆ, ಪ್ರಮಾಣ ಕಲಿಯಲಿ ಅನ್ನುವವರಿದ್ದಾರೆ. ಕಲಿಯಲಿ, ಬೇಡ ಅಂದವರು ಯಾರು? ಅದಕ್ಕೆ ಹೂಜಿ, ಬುಟ್ಟಿ ಇವೆ. ನೋಡಿಯೇ ಬರೆಯಬೇಕೆಂದರೆ ಆನಂದಿಬಾಯಿ ಜೋಶಿಯವರ ನಿಜವಾದ ಫೋಟೋ ಇದೆ. 1885ರಲ್ಲಿ ಅಮೆರಿಕದ ವೈದ್ಯಕೀಯ ಕಾಲೇಜಿನಲ್ಲಿ ಜಪಾನಿನ ಮತ್ತು ಸಿರಿಯಾದ ಸಹಪಾಠಿಗಳ ಜೊತೆ ತೆಗೆಸಿದ್ದು, ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿದ್ದಾರೆ. ಮರುವರ್ಷ ಡಾಕ್ಟರಾದ ಆಕೆ 1887ರಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ ಇಪ್ಪತ್ತೆರಡು ತುಂಬಿರಲಿಲ್ಲ. ಆ ಮುಖ ಬರೆಯುವ ಮಗು ಏನಾದರೂ ಕೇಳಿಯೇ ಕೇಳುತ್ತದೆ.

ಇನ್ನು ನಮ್ಮವರ ಮಾತು. ಸೊಲ್ಲಾಪುರದಲ್ಲಿ 1912ರಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರನ್ನು ಯಾವ ಮಗು ಬರೆದಿದೆ? ಶಾಲೆಯಲ್ಲಿ ಓದಿದ್ದು ಮರಾಠಿ, ಕನ್ನಡ ಆಮೇಲೆ ಕಲಿತದ್ದು. ಸಿದ್ಧರಾಮನ ಪುರಾಣ ಬರೆದರು, ಅದೂ ನಮ್ಮ ಅಜ್ಜಿಯರು ಬೀಸುವಾಗ ಹಾಡುತ್ತಿದ್ದ ತ್ರಿಪದಿಯಲ್ಲಿ. 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1915ರಿಂದ ಅಲ್ಲಿಯವರೆಗೆ ಆ ಕುರ್ಚಿಯಲ್ಲಿ ಕೂತವರೆಲ್ಲ ಗಂಡಸರು! ಸಂಕ್ರಾಂತಿಗೆ ಸಿದ್ಧರಾಮನ ಜಾತ್ರೆಗೆ ಹೋಗಿ ಬರುವ ನಮ್ಮ ಮಕ್ಕಳಿಗೆ ಆಕೆಯ ಮುಖ ಗೊತ್ತಿಲ್ಲ. ಚಾರ್ಟಿನಲ್ಲಿ ಇಲ್ಲವಲ್ಲ, ಅದಕ್ಕೆ. ಬೆಂಗಳೂರಿನವರು ನಮ್ಮನ್ನು ಮರೆತರು ಎಂದು ವರ್ಷವಿಡೀ ಗೊಣಗುತ್ತೇವೆ, ನಾವು ಮರೆತದ್ದರ ಲೆಕ್ಕ ಯಾರು ಇಡಬೇಕು?

ಆ ಹುಡುಗಿಯ ಚಿತ್ರ ಈಗ ನಮ್ಮ ತರಗತಿಯ ಗೋಡೆಯ ಮೇಲಿದೆ, ಕಲೆಯ ಸಮೇತ. ಪಕ್ಕದಲ್ಲಿ ಒಂದು ಹಾಳೆಯಷ್ಟು ಜಾಗ ಬಿಟ್ಟಿದ್ದೇನೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಯಾರ ಮನೆಯಲ್ಲಾದರೂ ತಾಯಿಯವರ ಹಳೆಯ ಫೋಟೋ ಇದ್ದರೆ ಒಂದು ಪ್ರತಿ ಕಳಿಸಿಕೊಡಿ. ಮಕ್ಕಳು ಪೆನ್ಸಿಲ್ ಹಿಡಿದು ನೋಡಿ ಬರೆಯುವಷ್ಟು ಸ್ಪಷ್ಟವಿದ್ದರೆ ಸಾಕು.