ಹಾಡು ಶುರುವಾಗೋ ಹೊತ್ತಿಗೆ ಕೊನೇ ಬಸ್ಸು ಹೋಗಿರ್ತದ

ಕಾಗಿನೆಲೆ: ನಮ್ಮ ಸೀಮೆಯ ಒಂದು ಉತ್ಸವದ ವರದಿಗೆ ಹೋಗಿದ್ದೆ. ಊರಿನ ಹೆಸರು ಬೇಡ, ಹೆಚ್ಚು ಕಡಿಮೆ ಎಲ್ಲಾ ಕಡೆ ಇದೇ ಕಥೆ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6ಕ್ಕೆ ಉದ್ಘಾಟನೆ, 7ಕ್ಕೆ ಹಿಂದೂಸ್ತಾನಿ ಗಾಯನ ಅಂತ ಅಚ್ಚಾಗಿತ್ತು. ಅತಿಥಿಗಳು ಬಂದದ್ದೇ 7-15ಕ್ಕೆ. ಆಮೇಲೆ ದೀಪ, ಶಾಲು, ಹಾರ, ನೆನಪಿನ ಕಾಣಿಕೆ, ಹನ್ನೊಂದು ಮಂದಿಯ ಭಾಷಣ. ಗಾಯಕರು ತಂಬೂರಿ ಶ್ರುತಿ ಮಾಡ್ಕೊಂಡು ಕುಂತಾಗ 9-20. ಹತ್ತು ಗಂಟೆಗೆ ಪೊಲೀಸರು ವೇದಿಕೆ ಪಕ್ಕ ಬಂದು ಕೈಗಡಿಯಾರ ತೋರಿಸಿದರು. ಎರಡು ತಾಸು ಹಾಡಲು ತಯಾರಾಗಿ ಬಂದವರು ನಲವತ್ತು ನಿಮಿಷಕ್ಕೆ ಎದ್ದರು.

ನನ್ನ ಪಕ್ಕ ಒಬ್ಬ ಅಜ್ಜ ಕುಂತಿದ್ದರು. ಹಳ್ಳಿ ಭಜನಾ ಮ್ಯಾಳದಾಗ ನಲವತ್ತು ವರ್ಷ ಹಾರ್ಮೋನಿಯಂ ಬಾರಿಸಿದವರು, ಹಾಡು ಕೇಳಬೇಕಂತನೇ ಬಂದಿದ್ದರು. ಎಂಟೂವರೆಗೆ ಎದ್ದು ಚೀಲ ಹೆಗಲಿಗೆ ಹಾಕ್ಕೊಂಡರು. "ಯಾಕ್ರಿ ಅಜ್ಜಾರ, ಇನ್ನ ಹಾಡು ಶುರುನ ಆಗಿಲ್ಲಲ್ರಿ?" ಅಂದೆ. "ಕೊನೇ ಬಸ್ ತಮ್ಮಾ. ಅದು ಹ್ವಾದ್ರ ಇಲ್ಲೇ ಮಲಗಬೇಕು" ಅಂತ ಹೋದರು. ಆ ರಾತ್ರಿ ನಾನು ಬರೆದ ಸುದ್ದಿಯಲ್ಲಿ "ಜನಸಾಗರ" ಅಂತ ಇತ್ತು. ಜನ ಇದ್ದದ್ದು ಖರೆ. ಹಾಡು ಕೇಳಿದವರು ಎಷ್ಟು ಮಂದಿ ಅನ್ನೋದನ್ನು ಮಾತ್ರ ನಾನು ಬರೀಲಿಲ್ಲ.

ಕನಕ ಜಯಂತಿ ಬಂದಾಗಲೆಲ್ಲ ನಮ್ಮ ಚಹಾದಂಗಡಿಗಳಲ್ಲಿ ಒಂದು ಮಾತು ಏಳ್ತದ: ಕಾಗಿನೆಲೆಯಲ್ಲೂ ಮೂರ್ನಾಲ್ಕು ದಿನದ ದೊಡ್ಡ ಸಂಗೀತ ಉತ್ಸವ ಆಗಬೇಕು, ಹಂಪಿ ಉತ್ಸವದಂಗ. ದೊಡ್ಡ ಹೆಸರಿನ ಗಾಯಕರನ್ನ ಕರೆಸಬೇಕು, ಅನುದಾನ ಬರಬೇಕು. ನನಗೆ ಅನುಮಾನ ಇರೋದು ಇಲ್ಲೇ. ನಮ್ಮಲ್ಲಿ ಕೊರತೆ ಇರೋದು ದೊಡ್ಡ ಹೆಸರಿನದಲ್ಲ, ಗಡಿಯಾರದ್ದು ಮತ್ತು ಬಸ್ಸಿನದು. ಇದನ್ನ ಹೇಳೋಕೆ ಎರಡು ಊರಿನ ಕಥೆ ಹೇಳಬೇಕು, ಎರಡಕ್ಕೂ ನಾನು ವರದಿಗಾರನಾಗಿ ಅಲ್ಲ, ಕೇಳುಗನಾಗಿ ಹೋಗಿದ್ದೆ.

ಮೊದಲನೇದು ಪುಣೆ. ಡಿಸೆಂಬರ್‌ನಲ್ಲಿ ಅಲ್ಲಿ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ ನಡೀತದ. ಹೆಸರು ಕೇಳಿ ದೂರದ್ದು ಅನ್ಕೋಬ್ಯಾಡ್ರಿ, ಇದು ನಮ್ಮ ಮನೆ ಹಬ್ಬಾನೇ. ಸವಾಯಿ ಗಂಧರ್ವರು ಅಂದ್ರೆ ಪಕ್ಕದ ಕುಂದಗೋಳದ ರಾಮಚಂದ್ರ ಕುಂದಗೋಳಕರ. ಅವರು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಅವರ ನೆನಪಿಗೆ ಪುಣೆಯಲ್ಲಿ ಇದನ್ನ ಶುರು ಮಾಡಿದ್ದು ಶಿಷ್ಯ ಭೀಮಸೇನ ಜೋಶಿ, ನಮ್ಮ ಗದಗ ಸೀಮೆಯವರು. 2011ರಲ್ಲಿ ಅವರು ಹೋದ ಮೇಲೆ ಉತ್ಸವಕ್ಕೆ ಅವರ ಹೆಸರೂ ಸೇರಿತು.

ನಾವು ಮೂವರು ಹುಬ್ಬಳ್ಳಿಯಿಂದ ರಾತ್ರಿ ರೈಲಿಗೆ ಜನರಲ್ ಬೋಗಿಯಲ್ಲಿ ಹೋದೆವು. ನಾನು, ಬ್ಯಾಡಗಿಯ ಮೊಬೈಲ್ ರಿಪೇರಿ ಅಂಗಡಿಯ ಗೆಳೆಯ, ಇನ್ನೊಬ್ಬ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋನು. ನನಗೆ ರಾಗದ ವ್ಯಾಕರಣ ಗೊತ್ತಿಲ್ಲ. ಬಿಎ ಎರಡನೇ ವರ್ಷಕ್ಕೆ ಬಿಟ್ಟವನು, ಸಂಗೀತ ಕಲಿತದ್ದೆಲ್ಲ ಮೊಬೈಲ್‌ನಾಗ. ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ ಮೈದಾನ, ದೊಡ್ಡ ಮಂಟಪ. ಮುಂದೆ ಕುರ್ಚಿ, ಅದಕ್ಕೆ ದುಡ್ಡು ಹೆಚ್ಚು. ಉಳಿದವರಿಗೆ ಜಮಖಾನೆ, ಅದಕ್ಕೆ ಕಡಿಮೆ. ಐದೂ ದಿನಕ್ಕೆ ಸೇರಿ ಒಂದೇ ಸೀಸನ್ ಟಿಕೆಟ್ ಸಿಗ್ತದ, ದಿನದ ಟಿಕೆಟ್ಟೂ ಇರ್ತದ.

ಮೊದಲನೇ ದಿನ ಮಧ್ಯಾಹ್ನ 3ಕ್ಕೆ ಶುರು ಅಂತ ಇತ್ತು. ನಮ್ಮೂರಿನ ಅಭ್ಯಾಸ, ಆರಾಮ ಮಿಸಳ್ ತಿಂದು ಮೂರೂವರೆಗೆ ಹೋದೆವು. ಒಳಗೆ ಹಾಡು ನಡೆದಿತ್ತು, ಜಮಖಾನೆ ತುಂಬಿತ್ತು! ವೇದಿಕೆ ಮೇಲೆ ಗಾಯಕರು, ಸಾಥಿದಾರರು ಬಿಟ್ಟರೆ ಯಾರೂ ಇಲ್ಲ. ಎರಡನೇ ದಿನ ಎರಡೂವರೆಗೇ ಹೋಗಿ ಜಾಗ ಹಿಡಿದೆವು. ಬಿಸಿಲಿನ ಹೊತ್ತಿಗೆ ಮುಲ್ತಾನಿ, ಭೀಮಪಲಾಸಿ, ಹೊತ್ತು ಇಳಿದಂಗ ಮಾರವಾ, ದೀಪ ಹಚ್ಚೋ ಹೊತ್ತಿಗೆ ಯಮನ್. ಮೂರನೇ ದಿನ ಸೊಂಟ ಹಿಡೀತು. ನಾಲ್ಕನೇ ದಿನ ಗೊತ್ತಾಯ್ತು, ಸುತ್ತಲಿನವರು ಯಾಕೆ ಮನೆಯಿಂದ ತಲೆದಿಂಬು ತಂದಿದ್ದಾರೆ ಅಂತ. ಅಷ್ಟರಾಗ ಪಕ್ಕದವರೆಲ್ಲ ಪರಿಚಯ. ಒಬ್ಬ ಅಜ್ಜಿ ದಿನಾ ಡಬ್ಬಿ ಬಿಚ್ಚಿ ಚಕ್ಕುಲಿ ಕೊಡ್ತಿದ್ದರು. ಯಾವೂರು ಅಂತ ಕೇಳಿದರು, ಬ್ಯಾಡಗಿ ಅಂದೆ. "ಮಿರ್ಚೀವಾಲೆ!" ಅಂದು ನಕ್ಕರು. ಕುಂದಗೋಳ ನಮ್ಮ ರೈಲ್ವೆ ಲೈನಿನಾಗನ ಬರ್ತದ ಅಂದಾಗ ಮಾತ್ರ ನಗಲಿಲ್ಲ, ಸುಮ್ಮನೆ ಕೈ ಮುಗಿದರು. ಕೊನೇ ದಿನ ಎಲ್ಲ ಮುಗಿದ ಮೇಲೆ ಸವಾಯಿ ಗಂಧರ್ವರ ಹಳೇ ಧ್ವನಿಮುದ್ರಿಕೆ ಹಾಕ್ತಾರ. ಸಾವಿರಾರು ಮಂದಿ, ಒಬ್ಬರೂ ಎದ್ದು ಹೋಗಲಿಲ್ಲ.

ಅಂಗಡಿಕಾರರು ಲೆಕ್ಕ ಕೇಳ್ತೀರಿ, ಕೊಡ್ತೀನಿ. ಐದು ದಿನಕ್ಕೆ ಮೂವರ ಖರ್ಚು ಹನ್ನೊಂದು ಸಾವಿರ ಚಿಲ್ಲರೆ. ಅದರಾಗ ಟಿಕೆಟ್ಟಿನದು ಸಣ್ಣ ಪಾಲು. ಉಳಿದದ್ದು ಹೋದದ್ದು ಲಾಡ್ಜಿಗೆ, ಊಟಕ್ಕೆ, ಚಹಾಕ್ಕೆ, ಆಟೋಕ್ಕೆ, ಚಳಿ ತಡೀಲಾರದೆ ಕೊಂಡ ಎರಡು ಶಾಲಿಗೆ, ಅವ್ವಗ ಒಂದು ಸೀರೆಗೆ. ಒಂದು ದಿನದ ಉತ್ಸವಕ್ಕೆ ಟೆಂಪೋದಾಗ ಬಂದು, ಅಲ್ಲೇ ಕೊಟ್ಟ ಪಲಾವ್ ಉಂಡು ಟೆಂಪೋದಾಗೇ ಹೋಗೋರಿಂದ ನಿಮ್ಮ ಗಲ್ಲಾಕ್ಕೆ ಏನು ಬರ್ತದ? ಆ ದಿನ ಬ್ಯಾರಿಕೇಡ್ ಹಾಕಿ ರಸ್ತೆ ಮುಚ್ಚಿದ್ದಕ್ಕೆ ಅರ್ಧ ದಿನದ ವ್ಯಾಪಾರ ಹೋಗಿರ್ತದ, ಮ್ಯಾಲೆ ವಂತಿಗೆ ಪಟ್ಟಿ ಬೇರೆ. ಮೆಣಸಿನಕಾಯಿ ಸೀಸನ್ನಿನಾಗ ಹೊರಗಿನ ರೈತರು ಎರಡು ರಾತ್ರಿ ಉಳಿದರೆ ಬ್ಯಾಡಗಿಯ ಖಾನಾವಳಿಗೆ ಏನು ವ್ಯತ್ಯಾಸ ಆಗ್ತದ ಅಂತ ನಿಮಗೆ ನಾನು ಹೇಳಬೇಕಿಲ್ಲ. ಊರಿಗೆ ದುಡ್ಡು ಬರೋದು ಜನ ಬಂದದ್ದಕ್ಕಲ್ಲ, ಉಳಿದದ್ದಕ್ಕೆ.

ಪುಣೆಯಿಂದ ಬಂದಾಗ ಟಿಕೆಟ್ ಇಟ್ಟುಬಿಟ್ಟರೆ ಎಲ್ಲಾ ಸರಿ ಆಗ್ತದ ಅಂತ ಹೇಳ್ಕೊಂಡು ತಿರುಗಿದೆ. ದುಡ್ಡು ಕೊಟ್ಟವನ ಮಾತು ನಡೀತದ, ಕೇಳುಗ ದುಡ್ಡು ಕೊಟ್ಟರೆ ಕಾರ್ಯಕ್ರಮ ಕೇಳುಗನ ಟೈಮಿಗೆ ಶುರು ಆಗ್ತದ, ಇದು ನನ್ನ ವಾದ. ಕುಂದಗೋಳ ನೋಡಿದ ಮೇಲೆ ಆ ಮಾತು ವಾಪಸ್ ತಗೊಂಡೆ.

ಬ್ಯಾಡಗಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿದರೆ ಹಾವೇರಿ, ಸವಣೂರು, ಯಲವಿಗಿ ದಾಟಿ ಕುಂದಗೋಳ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಇದೇ ಲೈನಿನ ರೈಲಿಗೆ ಬಂದು ಗುರುಗಳ ಹತ್ತಿರ ಪಾಠ ಮಾಡಿ ಹೋಗ್ತಿದ್ದರು. ಅಲ್ಲಿನ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತ ಅಹೋರಾತ್ರಿ ನಡೆಯುವಂಥದ್ದು. ಭೀಮಸೇನ ಜೋಶಿ, ಗಂಗೂಬಾಯಿ ಇಬ್ಬರೂ ಗುರುವಿನ ಸೇವೆ ಅಂತ ಬಂದು ಹಾಡಿದ ಜಾಗ. ನಾನು ಹೋದ ರಾತ್ರಿ ಟಿಕೆಟ್ ಇರಲಿಲ್ಲ, ಕುರ್ಚಿ ಇರಲಿಲ್ಲ, ವಿಐಪಿ ಸಾಲು ಇರಲಿಲ್ಲ. ರೈತರು, ಸಂಗೀತ ಶಾಲೆ ಹುಡುಗರು, ನಿದ್ದೆಗಣ್ಣಿನ ಮಕ್ಕಳು ಎಲ್ಲಾ ಒಂದೇ ಚಾಪೆ ಮೇಲೆ. ಬೆಳಗಿನ ಜಾವ ಲಲಿತ್ ಶುರುವಾದಾಗ ಹೊರಗೆ ಕೋಳಿ ಕೂಗ್ತಿತ್ತು. ಆ ಹೊತ್ತಿಗೆ ಬಸ್ಸಿನ ಚಿಂತೆ ಯಾರಿಗೂ ಇರಲ್ಲ, ಯಾಕಂದ್ರೆ ಮುಂದಿನ ಬಸ್ಸು ಬೆಳಗಿನದು! ಅಂದಮೇಲೆ ಪ್ರಶ್ನೆ ಟಿಕೆಟ್ಟಿನದಲ್ಲ. ಆ ಸಂಜೆ ಯಾರ ಸಲುವಾಗಿ ಅನ್ನೋದು ಪ್ರಶ್ನೆ. ಪುಣೆಯಲ್ಲಿ ಕೇಳುಗನ ಸಲುವಾಗಿ, ಕುಂದಗೋಳದಲ್ಲಿ ಗುರುವಿನ ಸಲುವಾಗಿ. ನಮ್ಮ ಉತ್ಸವಗಳಲ್ಲಿ ಆಮಂತ್ರಣ ಪತ್ರಿಕೆಯಲ್ಲಿ ಹೆಸರಿದ್ದವರ ಸಲುವಾಗಿ.

ಇನ್ನು ಕಾನೂನು. ರಾತ್ರಿ 10 ಆಯ್ತು ಅಂದ್ರೆ ಮೈಕ್ ಬಂದ್, ಇದು ಪೊಲೀಸರ ಸಿಟ್ಟಲ್ಲ. ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚೋ ಹಂಗಿಲ್ಲ. ಸಭಾಂಗಣ, ಸಮುದಾಯ ಭವನದಂಥ ಮುಚ್ಚಿದ ಜಾಗಕ್ಕೆ ಒಳಗಿನ ಮಟ್ಟಿಗೆ ವಿನಾಯಿತಿ ಐತಿ. 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿ ಮಾಡಿತು, 2022ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಸರ್ಕಾರವೂ ಕಟ್ಟುನಿಟ್ಟಾಗಿ ಪಾಲಿಸಿ ಅಂತ ಆದೇಶ ಹೊರಡಿಸಿತು. ಆದರೆ ಅದೇ ನಿಯಮದಾಗ ಒಂದು ಕಿಂಡಿ ಐತಿ: ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆ ವರ್ಷಕ್ಕೆ 15 ದಿನ ಮೀರದಂಗ ರಾತ್ರಿ 12ರವರೆಗೆ ರಾಜ್ಯ ಸರ್ಕಾರ ಅನುಮತಿ ಕೊಡಬಹುದು. ಯಾವ ದಿನ ಅನ್ನೋದನ್ನ ಮೊದಲೇ ಗೊತ್ತು ಮಾಡಬೇಕು, ಆ ರಾತ್ರಿ ಅಲ್ಲ. ಪುಣೆಯವರು ಶನಿವಾರ ಒಂದು ದಿನ ಹನ್ನೆರಡರ ತನಕ ನಡೆಸೋದು, ಉಳಿದ ದಿನ ಹತ್ತಕ್ಕೆ ಮುಗಿಸೋದು ಹಿಂಗೇ. ಮೊದಲು ಅಲ್ಲೂ ರಾತ್ರಿಯಿಡೀ ನಡೀತಿತ್ತು. ಹತ್ತರ ನಿಯಮ ಬಂದ ಮೇಲೆ ಅವರು ಅಳ್ಕೋತ ಕೂರಲಿಲ್ಲ, ಶುರುವನ್ನ ಮಧ್ಯಾಹ್ನಕ್ಕೆ ತಂದರು. ನಷ್ಟ ಆಗಿಲ್ಲ ಅಂತಲ್ಲ. ನಡುರಾತ್ರಿಯ ದರ್ಬಾರಿ, ಬೆಳಗಿನ ಜಾವದ ಲಲಿತ್ ಅದರ ಹೊತ್ತಿಗೇ ಕೇಳೋ ಭಾಗ್ಯ ಬಯಲು ಮಂಟಪದಾಗ ಹೋಯ್ತು. ಆದರೆ ಸಂಜೆ ಉಳೀತು. ನಾವು ಸಂಜೆ ಭಾಷಣಕ್ಕೆ ಕೊಟ್ಟು, ರಾತ್ರಿ ಕಾನೂನಿಗೆ ಕೊಟ್ಟು, ನಡುವಿನ ನಲವತ್ತು ನಿಮಿಷ ಸಂಗೀತಕ್ಕೆ ಇಟ್ಟಿದ್ದೀವಿ.

ಕಾಗಿನೆಲೆಗೆ ಇದು ಯಾಕೆ ಬೇಕು ಅಂದ್ರೆ, ಕನಕದಾಸರ ಅಂಕಿತದಾಗೇ ಈ ಊರಿನ ಹೆಸರು ಐತಿ. ಎಲ್ಲೆಲ್ಲಿ ಅವರ ಪದ ಹಾಡ್ತಾರೋ ಅಲ್ಲೆಲ್ಲ ಕೊನೇ ಸಾಲಿನಾಗ ಕಾಗಿನೆಲೆ ಬರ್ತದ. ಇಂಥ ಪುಣ್ಯ ಎಷ್ಟು ಊರಿಗೆ ಐತಿ? ತಮಿಳುನಾಡಿನ ತಿರುವೈಯಾರಿಗೆ ತ್ಯಾಗರಾಜರ ಆರಾಧನೆಗೆ ಅಂತ ಮಂದಿ ದೂರದೂರಿಂದ ಹೋಗಿ ದಿನಗಟ್ಟಲೆ ಉಳೀತಾರ. ಹಾಡೋರಿಗೂ ನಮ್ಮಲ್ಲಿ ಬರ ಇಲ್ಲ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹುಟ್ಟಿದ್ದು ಹಾನಗಲ್ ತಾಲ್ಲೂಕಿನಾಗ. ಅವರ ಗದಗಿನ ವೀರೇಶ್ವರ ಪುಣ್ಯಾಶ್ರಮದಾಗ ಕಲಿತವರು ನಾಡಿನ ತುಂಬ ಇದ್ದಾರ. ಶಿಶುನಾಳ ಷರೀಫರೂ ನಮ್ಮ ಜಿಲ್ಲೆಯವರೇ.

ಹಂಗಾಗಿ ಮೂರು ದಿನದ ಉತ್ಸವ ಕೇಳೋ ಮೊದಲು ಒಂದೇ ಸಂಜೆಯನ್ನ ಸರಿ ಮಾಡಿ ತೋರಿಸ್ರಿ ಅನ್ನೋದು ನನ್ನ ಬೇಡಿಕೆ. ಉದ್ಘಾಟನೆ, ಸನ್ಮಾನ ಎಲ್ಲಾ ಬೆಳಿಗ್ಗೆ ಮುಗೀಲಿ, ಯಾರಿಗೂ ಅವಮಾನ ಆಗೂದಿಲ್ಲ. ಮಧ್ಯಾಹ್ನ 4ರಿಂದ ರಾತ್ರಿ 10ರ ತನಕ ವೇದಿಕೆ ಹಾಡೋರದು. ಜಾತ್ರೆಗೆ ವಿಶೇಷ ಬಸ್ಸು ಬಿಡೋ ವಾಯವ್ಯ ಸಾರಿಗೆ ಸಂಸ್ಥೆಯವರಿಗೆ ಬರೆದು ಕೇಳಿದರೆ 10-15ಕ್ಕೆ ಬ್ಯಾಡಗಿ, ಹಾವೇರಿ, ಹಾನಗಲ್, ಹಿರೇಕೆರೂರು ಕಡೆ ಒಂದೊಂದು ಗಾಡಿ ಹೊರಡಿಸೋದು ಅಸಾಧ್ಯ ಏನಲ್ಲ. ಯಾರು ಎಷ್ಟು ಗಂಟೆಗೆ ಹಾಡ್ತಾರ ಅನ್ನೋ ಚೀಟಿ ವಾರದ ಮೊದಲೇ ಪ್ರತಿ ಕಿರಾಣಿ ಅಂಗಡಿಯಲ್ಲಿ ಅಂಟಿಸ್ರಿ, ನಾವೂ ಪುಕ್ಕಟೆ ಹಾಕ್ತೀವಿ. ವಂತಿಗೆ ಕೊಡೋ ವ್ಯಾಪಾರಸ್ಥರು ಪಟ್ಟಿಗೆ ಸಹಿ ಮಾಡೋ ಮೊದಲು ಇದೊಂದನ್ನ ಕೇಳ್ರಿ: ಹಾಡು ಎಷ್ಟಕ್ಕೆ ಶುರು, ಬಸ್ಸು ಎಷ್ಟಕ್ಕೆ?

ಮೊನ್ನೆ ಸಂತೆಯಲ್ಲಿ ಆ ಹಾರ್ಮೋನಿಯಂ ಅಜ್ಜ ಸಿಕ್ಕಿದ್ದರು. ಪುಣೆ ಕಥೆ ಪೂರ್ತಿ ಹೇಳಿದೆ. ಐದು ದಿನ ನೆಲದ ಮ್ಯಾಲೆ ಕುಂತು ಕೇಳಿದ್ವಿ ಅಂದಾಗ ಅವರಿಗೆ ನಂಬಿಕೆ ಬರಲಿಲ್ಲ. "ಭಾಷಣ ಯಾರದಿತ್ತು?" ಅಂದರು. ಯಾರದೂ ಇರಲಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಈ ಡಿಸೆಂಬರ್‌ಗೆ ಯಾವ ರೈಲಿಗೆ ಹೊಂಟೀರಿ ಅಂತ ಕೇಳಿದರು.