ಮೊಟ್ಟೆಯ ಮೇಲೆ ಗೂಬೆ ಕೂರಿಸಬೇಡಿ

ನನ್ನ ಪರಿಚಯದ ಮುಂಬಯಿ ಕನ್ನಡಿಗರಿಗೆ ಈಗೊಂದು ಹುಚ್ಚು ಹತ್ತಿದೆ. ಕರ್ಜತ್, ಬದ್ಲಾಪುರ, ವಸಯಿ ಕಡೆ ತುಂಡು ಜಾಗ ಮಾಡಿದವರಿಗೆ, ಊರಿನ ಹಳೇ ಮನೆಗೆ ಹಂಚು ಬದಲಾಯಿಸಿ ರಿಟೈರ್‌ಮೆಂಟಿಗೆ ದಿನ ಎಣಿಸುತ್ತಿರುವವರಿಗೆ, ಎಲ್ಲರಿಗೂ ಬಾತುಕೋಳಿ ಬೇಕು. ಒಳ್ಳೆಯದೇ. ಆನ್‌ಲೈನಿನಲ್ಲಿ ಒಂದು ಇನ್‌ಕ್ಯುಬೇಟರ್ ತರಿಸುತ್ತಾರೆ, ಒಂದು ಡಜನ್ ಬಾತು ಮೊಟ್ಟೆ ಇಡುತ್ತಾರೆ. ತಿಂಗಳು ಕಳೆದ ಮೇಲೆ ಕೇಳಿದರೆ ಎರಡು ಮರಿ, ಇಲ್ಲವೇ ಅದೂ ಇಲ್ಲ. ಆಮೇಲೆ ಶುರುವಾಗುತ್ತದೆ ನೋಡಿ ಪುರಾಣ! ಮೊಟ್ಟೆ ಕೊಟ್ಟವನು ಮೋಸ ಮಾಡಿದನಂತೆ. ಗುಡುಗಿಗೆ ಮೊಟ್ಟೆ ಕೆಟ್ಟುಹೋದವಂತೆ. ಯಾರದೋ ಕಣ್ಣು ಬಿತ್ತಂತೆ. ಕೊನೆಗೆ ಒಂದು ತೀರ್ಪು: "ಬಾತು ಮೊಟ್ಟೆ ಮನೆಯಲ್ಲಿ ಮರಿಯಾಗುವುದೇ ಇಲ್ಲ ಮಾರಾಯ್ರೆ, ಸುಮ್ಮನೆ ದುಡ್ಡು ದಂಡ."

ಈ ತೀರ್ಪನ್ನು ನಾನು ಒಪ್ಪುವುದಿಲ್ಲ. ನಮ್ಮ ಬ್ಯಾಂಕಿನ ಕೆಲಸದಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ಯಾರೂ ಗುಡುಗಿನ ಮೇಲೆ ಹಾಕುವುದಿಲ್ಲ. ಯಾವ ವೋಚರು, ಯಾವ ಎಂಟ್ರಿ ಎಂದು ಹುಡುಕುತ್ತೇವೆ, ಸಿಗುವ ತನಕ ಮನೆಗೆ ಹೋಗುವುದಿಲ್ಲ. ಒಡೆಯದೇ ಉಳಿದ ಮೊಟ್ಟೆಯೂ ಅಂಥದ್ದೇ ಒಂದು ವೋಚರು. ಮರಿ ಎಷ್ಟನೇ ದಿನ, ಯಾವ ಕಾರಣಕ್ಕೆ ಸತ್ತಿತು ಎನ್ನುವುದು ಬಹುಮಟ್ಟಿಗೆ ಅದರೊಳಗೇ ಬರೆದಿರುತ್ತದೆ. ಆದರೆ ನಮ್ಮವರು ಮೂಗು ಮುಚ್ಚಿಕೊಂಡು ಅದನ್ನು ಗುಂಡಿಗೆ ಎಸೆದು, ಬಾಯಿ ತೆರೆದು ಮಾರಿದವನನ್ನು ಬೈಯುತ್ತಾರೆ.

ಮೊದಲು ಕ್ಯಾಲೆಂಡರಿನ ವಿಷಯ. ಕೋಳಿ ಮೊಟ್ಟೆಗೆ 21 ದಿನ. ಬಾತು ಮೊಟ್ಟೆಗೆ 28 ದಿನ. ಮುಖದ ಮೇಲೆ ಕೆಂಪು ಗಂಟುಗಂಟಾದ ಚರ್ಮ ಇರುತ್ತದಲ್ಲ, ಆ ಮಸ್ಕೊವಿ ಜಾತಿಗಾದರೆ ಸುಮಾರು 35 ದಿನ. ಪೆಟ್ಟಿಗೆಯ ಜೊತೆ ಬರುವ ಚೀಟಿ ಸಾಮಾನ್ಯವಾಗಿ ಕೋಳಿಯನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಹದಿನೆಂಟನೇ ದಿನ ಮೊಟ್ಟೆ ತಿರುಗಿಸುವುದು ನಿಲ್ಲಿಸಿ ಎನ್ನುತ್ತದೆ, ಇವರು ನಿಲ್ಲಿಸುತ್ತಾರೆ. ಬಾತು ಮೊಟ್ಟೆಯನ್ನು 25ನೇ ದಿನದವರೆಗೂ ದಿನಕ್ಕೆ ಐದು ಸಲವಾದರೂ ತಿರುಗಿಸಬೇಕು. ಇಲ್ಲದಿದ್ದರೆ ಮರಿ ಪೊರೆಗೆ ಅಂಟುತ್ತದೆ, ತಲೆ ತಪ್ಪು ದಿಕ್ಕಿಗೆ ಹೋಗುತ್ತದೆ. ಇಪ್ಪತ್ತಮೂರನೇ ದಿನ "ಇನ್ನೂ ಒಡೆದಿಲ್ಲ, ಕೆಟ್ಟಿದೆ" ಎಂದು ಬಿಸಾಡಿದವರನ್ನೂ ನಾನು ಬಲ್ಲೆ. ಜೀವಂತ ಮರಿಯನ್ನು ಕಸಕ್ಕೆ ಹಾಕಿ ಮೇಲಿಂದ ಬಾತಿನ ಜಾತಿಗೇ ಬೈಗುಳ! ಇದಕ್ಕೆ ಏನನ್ನಬೇಕು, ನೀವೇ ಹೇಳಿ.

ಎರಡನೆಯದು ಆ ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಬರೆದಿರುವ "ಆಟೋಮ್ಯಾಟಿಕ್" ಎಂಬ ಪದ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಫ್ಯಾನ್ ಇಲ್ಲದ್ದಾದರೆ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದು ಸುಮಾರು ಒಂದು ಡಿಗ್ರಿ ಹೆಚ್ಚು. ಅಗ್ಗದ ಪೆಟ್ಟಿಗೆಯ ಮೀಟರು 37.5 ತೋರಿಸಿದರೆ ಒಳಗೆ ಅಷ್ಟೇ ಇದೆ ಎಂದು ನಂಬುವುದು ಹೇಗೆ? ನಂಬಬೇಕಾಗಿಯೂ ಇಲ್ಲ. ಮನೆಯಲ್ಲಿ ಜ್ವರ ನೋಡುವ ಥರ್ಮಾಮೀಟರ್ ಇದೆಯಲ್ಲ, ಅದು ಇದೇ ಆಸುಪಾಸಿನ ಶಾಖಕ್ಕೆಂದೇ ಮಾಡಿದ್ದು. ಒಂದು ಲೋಟ ಉಗುರುಬೆಚ್ಚಗಿನ ನೀರಿನಲ್ಲಿ ಅದನ್ನೂ ಪೆಟ್ಟಿಗೆಯಲ್ಲಿಡುವ ಥರ್ಮಾಮೀಟರನ್ನೂ ಒಟ್ಟಿಗೆ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ.

ಇನ್ನೊಂದು ಮಾತು ದಿಲ್ಲಿ, ಹೈದರಾಬಾದ್ ಕಡೆಯವರಿಗೆ. ಈ ಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಮೇ ತಿಂಗಳಲ್ಲಿ ಕೋಣೆಯೇ 40 ಡಿಗ್ರಿ ಆದರೆ ಬಲ್ಬು ಆರಿರುತ್ತದೆ, ಮೊಟ್ಟೆ ಬೇಯುತ್ತಲೇ ಇರುತ್ತದೆ. ಅದು ಗುಡುಗಿನ ಕೆಲಸವಲ್ಲ.

ಮೂರನೆಯದು ನೀರು. ಎಲ್ಲಕ್ಕಿಂತ ಹೆಚ್ಚು ಮರಿ ಸಾಯಿಸುವ ಉಪದೇಶ ಯಾವುದೆಂದರೆ "ಬಾತು ನೀರಿನ ಹಕ್ಕಿ, ಟ್ರೇ ತುಂಬ ನೀರಿಡಿ." ಬಾತು ನೀರಿನ ಹಕ್ಕಿ ಸರಿ, ಮೊಟ್ಟೆ ಮೀನಲ್ಲವಲ್ಲ! ಮೊಟ್ಟೆಯೊಳಗಿನ ನೀರು ನಿಧಾನವಾಗಿ ಆರಬೇಕು, ಅಷ್ಟು ಜಾಗದಲ್ಲಿ ದಪ್ಪ ತುದಿಯ ಗಾಳಿಚೀಲ ದೊಡ್ಡದಾಗಬೇಕು. ಮರಿಯ ಮೊದಲ ಉಸಿರು ಆ ಗಾಳಿಯಿಂದಲೇ. 25ನೇ ದಿನದ ಹೊತ್ತಿಗೆ ಮೊಟ್ಟೆ ಮೊದಲಿನ ತೂಕದಲ್ಲಿ ಸುಮಾರು ಶೇ. 13 ಕಳೆದುಕೊಂಡಿರಬೇಕು. ಎಪ್ಪತ್ತು ಗ್ರಾಂ ಮೊಟ್ಟೆ ಎಂದರೆ ಸುಮಾರು 9 ಗ್ರಾಂ. ಇದಕ್ಕಿಂತ ತೀರಾ ಕಡಿಮೆ ಆರಿದರೆ ಮರಿ ಊದಿಕೊಂಡು, ಒದ್ದೆಯಲ್ಲೇ ಉಸಿರುಗಟ್ಟುತ್ತದೆ. ತೀರಾ ಹೆಚ್ಚು ಆರಿದರೆ ಪೊರೆ ಒಣಗಿ ಮರಿಯನ್ನು ಬಿಗಿಯುತ್ತದೆ.

ಪುಸ್ತಕದಲ್ಲಿ ತೇವಾಂಶ ಶೇ. 55ರ ಸುತ್ತ ಇರಲಿ, ಕೊನೆಯ ಮೂರು ದಿನ 70ಕ್ಕೆ ಏರಿಸಿ ಎಂದಿರುತ್ತದೆ. ಸರಿಯೇ. ಆದರೆ ಅದಕ್ಕೆ ಎಷ್ಟು ನೀರು ಬೇಕು ಎನ್ನುವುದು ನೀವಿರುವ ಊರಿನ ಗಾಳಿಯ ಮೇಲೆ ನಿಂತಿದೆ. ಮುಂಬಯಿಯ ಜುಲೈಯಲ್ಲಿ 28 ಡಿಗ್ರಿ, ಶೇ. 85 ತೇವದ ಗಾಳಿ ಪೆಟ್ಟಿಗೆಯೊಳಗೆ 37.5ಕ್ಕೆ ಕಾದಾಗ ಒಂದು ಹನಿ ನೀರಿಡದೆಯೂ ಅಲ್ಲಿ ಶೇ. 50ರಷ್ಟು ತೇವ ಇರುತ್ತದೆ. ಪುಣೆಯ ಡಿಸೆಂಬರ್ ರಾತ್ರಿಯ 12 ಡಿಗ್ರಿ, ಶೇ. 70 ತೇವದ ಗಾಳಿಯನ್ನು ಹಾಗೆಯೇ ಕಾಯಿಸಿದರೆ ಉಳಿಯುವುದು ಶೇ. 15 ಮಾತ್ರ. ಎರಡೂ ಊರಿನವರು ಒಂದೇ ವೀಡಿಯೋ ನೋಡಿ ಒಂದೇ ಅಳತೆಯ ನೀರು ಸುರಿದರೆ ಒಬ್ಬರ ಮರಿ ಮುಳುಗುತ್ತದೆ, ಇನ್ನೊಬ್ಬರದ್ದು ಒಣಗುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಕ ಬರೆದಿಟ್ಟರೆ ಸಾಕು, ನೀರು ಹೆಚ್ಚಿಸಬೇಕೋ ಇಳಿಸಬೇಕೋ ಎಂದು ಮೊಟ್ಟೆಯೇ ಹೇಳುತ್ತದೆ. ಯಾರೂ ಬರೆದಿಡುವುದಿಲ್ಲ ಎನ್ನುವುದೇ ನನ್ನ ತಕರಾರು.

"ನಮ್ಮ ಅಜ್ಜಿ ಯಾವ ತಕ್ಕಡಿ ಇಟ್ಟಿದ್ದರು?" ಎಂಬ ಪ್ರಶ್ನೆ ಈಗ ಬರುತ್ತದೆ, ನನಗೆ ಗೊತ್ತು. ಅಜ್ಜಿ ಬಾತು ಮೊಟ್ಟೆಯನ್ನು ಕಾವಿಗೆ ಕೂತ ಹೇಂಟೆಯ ಅಡಿಗೆ ಇಡುತ್ತಿದ್ದರು ಸ್ವಾಮಿ! ಶಾಖ, ತೇವ, ತಿರುಗಿಸುವುದು ಎಲ್ಲ ಆ ಹೇಂಟೆಯ ಜವಾಬ್ದಾರಿ. ಅದನ್ನು ಬಿಟ್ಟು ಪೆಟ್ಟಿಗೆ ತಂದ ದಿನ ಹೇಂಟೆಯ ಕೆಲಸ ನಮ್ಮ ಹೆಗಲಿಗೆ ಬಂತು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕರೆಂಟಿಲ್ಲದೆ, ಭತ್ತದ ಹೊಟ್ಟಿನ ನಡುವೆ ಬಾತು ಮೊಟ್ಟೆಯ ಗಂಟುಗಳನ್ನಿಟ್ಟು ಮರಿ ಮಾಡಿಸುತ್ತಾರೆ. ಮೊಟ್ಟೆಯನ್ನು ಕಣ್ಣುರೆಪ್ಪೆಗೆ ತಾಗಿಸಿ ಶಾಖ ನೋಡುತ್ತಾರೆ, ಹೊತ್ತುಹೊತ್ತಿಗೆ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತಾರೆ. ನಮ್ಮ ಬೆಂಗಳೂರಿನ ಹತ್ತಿರದ ಹೆಸರಘಟ್ಟದ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಖಾಕಿ ಕ್ಯಾಂಬೆಲ್, ವೈಟ್ ಪೆಕಿನ್ ಬಾತುಗಳ ಮರಿಯನ್ನು ಯಂತ್ರದಲ್ಲೇ ದಶಕಗಳಿಂದ ಮಾಡಿಸಿದ್ದಾರೆ. ಹೊಟ್ಟಿನಲ್ಲೂ ಆಗುತ್ತದೆ, ಯಂತ್ರದಲ್ಲೂ ಆಗುತ್ತದೆ. ಎರಡು ಕಡೆಯೂ ಇರುವುದು, ನಮ್ಮಲ್ಲಿ ಇಲ್ಲದಿರುವುದು ಒಂದೇ: ಗಮನ.

ಹಾಗಾದರೆ ಮಾರಿದವನ ತಪ್ಪೇ ಇರುವುದಿಲ್ಲವೇ? ಇರಬಹುದು. ಗಂಡು ಬಾತು ಇಲ್ಲದ ಹಿಂಡಿನ ಮೊಟ್ಟೆ, ಫ್ರಿಜ್ಜಿನಲ್ಲಿಟ್ಟ ಮೊಟ್ಟೆ, ವಾರ ಮೀರಿ ಇಟ್ಟುಕೊಂಡ ಮೊಟ್ಟೆ, ಕೆಸರನ್ನು ತಣ್ಣೀರಿನಲ್ಲಿ ತೊಳೆದು ಆ ಕೊಳೆಯನ್ನು ಚಿಪ್ಪಿನ ರಂಧ್ರದೊಳಕ್ಕೆ ಎಳೆಸಿದ ಮೊಟ್ಟೆ, ಎಲ್ಲವೂ ಮಾರಾಟಕ್ಕೆ ಬರುತ್ತವೆ. ಆದರೆ ಆರೋಪ ಹೊರಿಸುವ ಮೊದಲು ಸಾಕ್ಷಿ ಬೇಕಲ್ಲ? ಏಳನೇ ದಿನ ಕತ್ತಲೆಯಲ್ಲಿ ಟಾರ್ಚ್ ಹಿಡಿದು ನೋಡಿ. ಜೇಡರ ಕಾಲಿನಂತೆ ನರ ಹರಡಿದ್ದರೆ ಜೀವ ಇದೆ. ಕೆಂಪು ಉಂಗುರ ಮಾತ್ರ ಕಂಡರೆ ಮೊದಲ ದಿನಗಳಲ್ಲೇ ಸತ್ತಿದೆ: ಹಳೇ ಮೊಟ್ಟೆ, ಇಲ್ಲವೇ ನಿಮ್ಮ ಪೆಟ್ಟಿಗೆಯ ಶಾಖ ಏರುಪೇರು. ಎಲ್ಲವೂ ಸ್ವಚ್ಛವಾಗಿ ಬೆಳಗಿದರೆ ಆಗ ಮಾರಿದವನನ್ನು ಧಾರಾಳವಾಗಿ ಕೇಳಿ. ಇಪ್ಪತ್ತೈದು ದಿನ ಬೆಳೆದು, ಪೂರ್ತಿ ರೂಪ ಬಂದ ಮರಿ ಒಳಗೆ ಸತ್ತಿದ್ದರೆ ಮೊದಲು ಅವನನ್ನು ಹಿಡಿಯಬೇಡಿ. ಹೆಚ್ಚಿನ ಸಲ ಅದು ನಿಮ್ಮ ಶಾಖ, ನಿಮ್ಮ ನೀರು, ನೀವು ಮುಚ್ಚಿಟ್ಟ ಗಾಳಿಕಿಂಡಿ. ಎಲ್ಲ ಮರಿಗಳೂ ಒಂದೆರಡು ದಿನ ಮುಂಚೆ ಬಂದರೆ ಶಾಖ ಹೆಚ್ಚು, ತಡವಾಗಿ ಬಂದರೆ ಕಡಿಮೆ. ಇಷ್ಟು ಓದಲು ಪಶುವೈದ್ಯ ಪದವಿ ಬೇಕಿಲ್ಲ.

ಕೊನೆಯದಾಗಿ, ಕರುಣಾಮಯಿಗಳ ಬಗ್ಗೆ. ಚಿಪ್ಪಿನಲ್ಲಿ ಮೊದಲ ಬಿರುಕು ಕಂಡ ತಕ್ಷಣ ಇವರಿಗೆ ಕೈ ತುರಿಸುತ್ತದೆ. "ಪಾಪ, ಒದ್ದಾಡುತ್ತಿದೆ" ಎಂದು ಚಿಪ್ಪು ಬಿಡಿಸಲು ಕೂರುತ್ತಾರೆ. ಬಾತು ಮರಿ ಮೊದಲ ಬಿರುಕಿನಿಂದ ಹೊರಬರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ತೆಗೆದುಕೊಳ್ಳುತ್ತದೆ. ಅದು ಸುಮ್ಮನೆ ಕೂತಂತೆ ಕಂಡರೂ ಹೊಟ್ಟೆಯೊಳಗೆ ಹಳದಿ ಸೇರುತ್ತಿರುತ್ತದೆ, ಪೊರೆಯ ನರಗಳ ರಕ್ತ ಮೈಗೆ ಇಳಿಯುತ್ತಿರುತ್ತದೆ. ಮಧ್ಯೆ ಎಳೆದರೆ ರಕ್ತ ಸುರಿಯುತ್ತದೆ, ಮರಿ ಹೋಗುತ್ತದೆ. ಗಂಟೆಗೊಮ್ಮೆ ಮುಚ್ಚಳ ತೆರೆದು ಮೊಬೈಲಿನಲ್ಲಿ ಫೋಟೋ ತೆಗೆಯುವವರೂ ಇದೇ ಗುಂಪಿನವರು. ತೆರೆದ ಪ್ರತಿ ಸಲವೂ ಒಳಗಿನ ತೇವ ಹಾರಿಹೋಗಿ ಉಳಿದ ಮರಿಗಳ ಪೊರೆ ಚರ್ಮದ ಹಾಗೆ ಗಟ್ಟಿಯಾಗುತ್ತದೆ. ಆ ಹೊತ್ತಿನಲ್ಲಿ ಮಾಡಬೇಕಾದ ಸೇವೆ ಎಂದರೆ ಕೈಕಟ್ಟಿ ಕೂರುವುದು. ಒಣಗಿದ ಮರಿಗಳನ್ನು ಒಂದೇ ಸಲಕ್ಕೆ ತೆಗೆದರಾಯಿತು.

ಇದೆಲ್ಲ ರಗಳೆ ಎನಿಸಿದರೆ ತಪ್ಪಿಲ್ಲ. ಬೆಳೆದ ಮರಿಯನ್ನೇ ಕೊಂಡು ತನ್ನಿ, ನಾನು ಏನೂ ಹೇಳುವುದಿಲ್ಲ. ಆದರೆ ಮೊಟ್ಟೆ ಇಟ್ಟಮೇಲೆ 28 ದಿನವೂ ಅದು ನಿಮ್ಮ ಹೆಸರಿನ ಖಾತೆ. ಒಂದು ನೋಟ್‌ಬುಕ್, ಒಂದು ಟಾರ್ಚ್, ಒಂದು ತಕ್ಕಡಿ, ಜ್ವರದ ಥರ್ಮಾಮೀಟರ್, ಇಷ್ಟರಲ್ಲಿ ಲೆಕ್ಕ ಇಡಬಹುದು. ಉಳಿದ ಮೊಟ್ಟೆಯನ್ನು ಎಸೆಯುವ ಮೊದಲು ಅಂಗಳದ ಮೂಲೆಯಲ್ಲಿ ಒಡೆದು ನೋಡಿ, ನೋಡಿದ್ದನ್ನು ಬರೆಯಿರಿ. ವಾಸನೆ ಸ್ವಲ್ಪ ಹೊಡೆಯುತ್ತದೆ, ಸಹಿಸಿಕೊಳ್ಳಿ. ಹತ್ತು ಮರಿ ಸತ್ತದ್ದನ್ನು ಗುಡುಗಿನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರೆ ಮುಂದಿನ ಹತ್ತೂ ಅದೇ ದಾರಿ ಹಿಡಿಯುತ್ತವೆ.